ಕಸದ ತೊಟ್ಟಿ ಯಾವ ಬೀದಿಗೆ?

ಹಿಂದಿನ ಗ್ರಾಮಸಭೆಗೆ ಪಂಚಾಯಿತಿಯವರ ಹೊರತು ಯಾರೂ ಬರಲಿಲ್ಲ. ತಪ್ಪೆಲ್ಲ ಆಟೋದಲ್ಲಿ ಮೈಕ್ ಹಿಡಿದು ಊರಿಗೆ ಸುದ್ದಿ ಸಾರುವ ಕೆಂಚಪ್ಪನ ತಲೆಗೆ ಬಂತು.

"ಈ ಸಲವೂ ಜನ ಬರ್ಲಿಲ್ಲ ಅಂದ್ರೆ ಮೈಕ್ ಬೇರೆಯವರ ಕೈಗೆ ಕೊಡ್ತೀನಿ ಕಣಯ್ಯ," ಎಂದರು ಅಧ್ಯಕ್ಷೆ.

ಕೆಂಚಪ್ಪ ಕೈ ಮುಗಿದ. "ಬರೋ ಹಾಗೆ ಮಾಡ್ತೀನಿ ಅಮ್ಮಾವ್ರೇ. ಹೊಸ ಕಸದ ತೊಟ್ಟಿ ನಮಗೆ ಬೇಡ, ನಮಗೆ ಬೇಡ ಅಂತ ಎಲ್ಲಾ ಬೀದಿಯವರೂ ಜಗಳ ಆಡ್ತಿದ್ದಾರಲ್ಲ? ಯಾವ ಬೀದಿಯಿಂದ ಒಬ್ರೂ ಸಭೆಗೆ ಬರಲ್ವೋ ಆ ಬೀದಿಗೇ ತೊಟ್ಟಿ ಅಂತ ಸಾರಿಬಿಡ್ಲಾ?"

ಅಧ್ಯಕ್ಷೆ ನಕ್ಕರು. "ಸಾರು. ಆದ್ರೆ ನಾನು, ನೀನು, ಮೆಂಬರುಗಳು ಲೆಕ್ಕಕ್ಕಿಲ್ಲ. ಜನವೇ ಬರ್ಬೇಕು. ಆಮೇಲೆ ಮಾತು ಬದಲಾಯಿಸೋ ಹಾಗೂ ಇಲ್ಲ."

ಕೆಂಚಪ್ಪ ಗಂಟಲು ಕಟ್ಟುವವರೆಗೆ ಸಾರಿದ. ಯಾರಿಗಾದರೂ ಕೇಳಿಸದೆ ಹೋಯಿತೇನೋ ಎಂಬ ಅನುಮಾನ ಬಂದು, ಆಟೋ ತಿರುಗಿಸಿಕೊಂಡು ಹೋಗಿ ಕಿವುಡಜ್ಜಿಯೊಬ್ಬಳ ಬಾಗಿಲಲ್ಲೂ ನಿಂತು ಕೂಗಿ ಬಂದ.

ಸಭೆಯ ದಿನ ಶಾಲೆಯ ಅಂಗಳ ತುಂಬಿತು. ಕುರ್ಚಿ ಸಾಲದೆ ಜನ ಕಾಂಪೌಂಡ್ ಏರಿ ಕುಳಿತರು. ಕಿವುಡಜ್ಜಿಯೂ ಮೊಮ್ಮಗಳ ತೋಳು ಹಿಡಿದು ಬಂದಿದ್ದಳು. ಅಧ್ಯಕ್ಷೆ ಒಂದೊಂದೇ ಬೀದಿಯ ಹೆಸರು ಹೇಳಿದರು. ಹೇಳಿದ ಬೀದಿಗೆಲ್ಲ ಕೈಗಳೆದ್ದವು.

"ಕೆರೆಬೀದಿ?"

ಒಂದು ಕೈಯೂ ಏಳಲಿಲ್ಲ. ತೊಟ್ಟಿ ತಪ್ಪಿದ ಖುಷಿಗೆ ಜನ ಚಪ್ಪಾಳೆ ತಟ್ಟಿದರು.

ಅಧ್ಯಕ್ಷೆ ಕೆಂಚಪ್ಪನತ್ತ ತಿರುಗಿದರು. "ಏನಯ್ಯಾ, ಅಲ್ಲಿಗೆ ಸಾರಿರಲಿಲ್ವಾ?"

"ಇಲ್ಲ ಅಮ್ಮಾವ್ರೇ," ಎಂದ ಕೆಂಚಪ್ಪ, ಕಟ್ಟಿದ ಗಂಟಲಲ್ಲಿ. "ಕೂಗಿ ಕೂಗಿ ಸಾಕಾಗಿರುತ್ತೆ, ನಮ್ಮನೆ ಬೀದಿಗೆ ತಿರುಗೋವಾಗ ಮೈಕ್ ಆರಿಸಿಬಿಡ್ತೀನಿ."