ಏನೂ ಹುಟ್ಟದ ದೊಡ್ಡಿ

"ಕೊಂಬೆ ಎಳಿಯೇ ಯಾಮ್ನಾ, ಕುರಿಗಳು ಹಸಿದು ಸಾಯ್ತಾ ಇವೆ!"

ಶರ್ಕಿ ತಂಗಿಯ ಹೊಲದ ಬಾಯಲ್ಲಿ ನಿಂತು ಕೂಗಿದ. ಪಾಪಾಸುಕಳ್ಳಿ ಬೇಲಿಯ ನಡುವಿನ ಆ ಕಿಂಡಿಗೆ ಬೋರೆ ಮುಳ್ಳಿನ ಕೊಂಬೆ ಅಡ್ಡ ಇಟ್ಟಿತ್ತು. ಅವನ ಹಿಂದೆ ಧೂಳಲ್ಲಿ ಮುಳುಗಿದ ಕುರಿಮಂದೆ, ಬೇಲಿಯಾಚೆ ಗೋಧಿ ಕೊಯ್ದು ಬಿಟ್ಟ ಕೂಳೆ. ಕೊಯ್ಲಾದ ಮೇಲೆ ಕೂಳೆ ಬಂಧುಗಳ ಕುರಿಗೆ. ತಾದ್ಲಾ ಬಯಲಲ್ಲಿ ಅದನ್ನು ಯಾರೂ ಕೇಳಿ ಪಡೆಯುವುದಿಲ್ಲ.

ಯಾಮ್ನಾ ಓಡಿ ಬಂದಳು. ಕೊಂಬೆಗೆ ಕೈ ಹಾಕಿದವಳು ಹಾಗೆಯೇ ನಿಂತಳು. ಮುಂದಿನ ಟಗರಿನ ತುಟಿಗೆ ಹಳದಿ ಸಿಪ್ಪೆಯೊಂದು ಅಂಟಿತ್ತು.

"ಅಣ್ಣಾ, ದಾರೀಲಿ ಎಲ್ಲಿ ಮೇಯಿಸ್ದೆ?"

"ಸಿಕ್ಕಿದ್ದಲ್ಲಿ. ಈ ಬಿಸಿಲಲ್ಲಿ ಹಸಿರು ಅಂದ್ರೆ ಆ ಹಳದಿ ಮುಳ್ಳೊಂದೇ. ಕಾಯಿ ಅಂತೂ ಖರ್ಜೂರ ತಿಂದ ಹಾಗೆ ತಿಂದ್ವು."

ಬೆಳ್ಳಿಯಂಥ ಎಲೆ, ನೇರಳೆ ಹೂ, ಗೋಲಿಯಷ್ಟು ಹಳದಿ ಕಾಯಿ. ನೋಡಲು ಚೆಂದದ ಗಿಡ. ಬೇರು ಆಳಕ್ಕೆ ಇಳಿಯಿತೆಂದರೆ ಮಾತ್ರ ಮುಗಿಯಿತು, ನೇಗಿಲು ಹೂಡಿದಷ್ಟೂ ತುಂಡುತುಂಡಾಗಿ ಚಿಗುರುತ್ತದೆ. ಯಾಮ್ನಾಳ ಹೊಲದ ಮೂಲೆಗೆ ಅದು ಬಂದದ್ದು ಮಗಳು ಹುಟ್ಟಿದ ವರ್ಷ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಅಗೆದಳು. ಮಗು ನಡೆಯತೊಡಗಿದಾಗಲೂ ಅಗೆದಳು, ಗಂಡ ತೀರಿಕೊಂಡ ವರ್ಷವೂ ಬಿಡಲಿಲ್ಲ. ಮಗಳು ಶಾಲೆಗೆ ಸೇರುವ ಹೊತ್ತಿಗೆ ಮುಳ್ಳು ಹೋಯಿತು. ಪಕ್ಕದ ಹೊಲದವರು ಅಗೆಯದೆ ಬಿಟ್ಟರು. ಈಗ ಅಲ್ಲಿ ಗೋಧಿ ಬಿತ್ತುವವರೇ ಇಲ್ಲ.

"ಒಳಗೆ ಬಿಡೋಕಾಗಲ್ಲ ಅಣ್ಣಾ. ಅವುಗಳ ಹೊಟ್ಟೆ ತುಂಬ ಬೀಜ. ಹಿಕ್ಕೆ ಬಿದ್ದಲ್ಲೆಲ್ಲ ಹುಟ್ಟುತ್ತೆ. ಮನೆ ಹತ್ರ ದೊಡ್ಡಿ ಇದೆಯಲ್ಲ, ಅಲ್ಲಿ ಕೂಡು. ಹುಲ್ಲು ನೀರು ನಾನು ಹಾಕ್ತೀನಿ."

ಶರ್ಕಿಯ ಮುಖ ಕೆಂಪಗಾಯಿತು. "ನಿನ್ನ ಗಂಡ ಹೋದ ಮೇಲೆ ಈ ಹೊಲ ಬಿತ್ತಿಕೊಟ್ಟಿದ್ದು ಯಾರೇ?"

"ನೀನೇ."

"ಮತ್ತೆ ಈಗ ನನ್ನ ಕುರಿ ಹೊಲಸಾಗಿ ಹೋದ್ವಾ?"

ಮನೆಯ ಬಾಗಿಲಿಂದ ಅತ್ತೆ ತಾಮೂ ಕೂಗಿದಳು: "ಕೊಂಬೆ ತೆಗಿಯೇ ಹುಡುಗಿ! ಸಂತೇಲಿ ನಾನು ಮುಖ ಎತ್ತಿಕೊಂಡು ಓಡಾಡ್ಬೇಕೋ ಬೇಡ್ವೋ?"

ಯಾಮ್ನಾ ಅಣ್ಣನ ತೋಳು ಹಿಡಿದಳು. "ಅತಿಥಿಗೆ ಮೂರು ದಿನ ಅಂತೀವಲ್ಲ, ಅದು ಮನುಷ್ಯರಿಗೆ. ನಿನ್ನ ಕುರಿಗಳಿಗೆ ಎರಡು ವಾರ ಉಪಚಾರ ಮಾಡ್ತೀನಿ. ಹೊಟ್ಟೆ ಖಾಲಿಯಾದ ಮೇಲೆ ಹೊಲ ಪೂರಾ ಅವುಗಳದ್ದೇ."

"ಜೈಲು ಅನ್ನು. ಉಪಚಾರ ಅನ್ಬೇಡ."

ಕುರಿಗಳು ದೊಡ್ಡಿ ಸೇರಿದವು. ಹಸುವಿಗೆಂದು ಚಳಿಗಾಲಕ್ಕೆ ಕೂಡಿಟ್ಟ ಹುಲ್ಲನ್ನು ಯಾಮ್ನಾ ಹೊತ್ತು ಹೊತ್ತು ಹಾಕಿದಳು. ಶರ್ಕಿ ಮನೆಯೊಳಗೆ ಕಾಲಿಡದೆ ಕುರಿಗಳ ಪಕ್ಕವೇ ಮಲಗಿದ. ಅವಳು ತಂದಿಟ್ಟ ಪುದೀನ ಚಹಾ ಲೋಟದಲ್ಲೇ ಆರಿತು. ನಾಲ್ಕನೆಯ ದಿನ ಬೆಳಗಾಗುವಷ್ಟರಲ್ಲಿ ಅವನೂ ಇಲ್ಲ, ಮಂದೆಯೂ ಇಲ್ಲ. ಯಾಮ್ನಾ ಹಿಕ್ಕೆಯನ್ನೆಲ್ಲ ಗುಡಿಸಿ, ಆಳದ ಗುಂಡಿ ತೋಡಿ ಹೂತಳು. "ಚಿನ್ನದಂಥ ಗೊಬ್ಬರ!" ಎಂದು ಅತ್ತೆ ಎದೆ ಬಡಿದುಕೊಂಡಳು. ಆ ಚಳಿಗಾಲ ಹಸುವಿನ ಪಕ್ಕೆಲುಬು ಎಣಿಸುವ ಹಾಗಾಯಿತು.

ಬೇಸಿಗೆ ಏರುವ ಮುಂಚೆ ಎರಡು ಮಳೆ ಬಿತ್ತು. ಒಂದು ಬೆಳಿಗ್ಗೆ ನೋಡಿದರೆ ದೊಡ್ಡಿಯ ತುಂಬ ಬೆಳ್ಳಿ ಬಣ್ಣದ ಸಸಿ, ಉಣ್ಣೆಯ ಜಮಖಾನೆ ಹಾಸಿದ ಹಾಗೆ. ಕುರಿಯ ಗೊರಸಿಗೆ ಸಿಕ್ಕಿ ಮಣ್ಣಲ್ಲಿ ಹೂತು, ಗುಡಿಸುವಾಗ ಅಲ್ಲೇ ಉಳಿದ ಬೀಜ. ಯಾಮ್ನಾ ಹೊಲಕ್ಕೆ ಓಡಿ ಮೂಲೆಮೂಲೆ ಹುಡುಕಿದಳು. ಒಂದೂ ಇರಲಿಲ್ಲ. ಅವಳಿಗೆ ಕುಣಿಯಬೇಕೆನಿಸಿತು. ಅಣ್ಣ ಒಂದೇ ಒಂದು ಸಲ ಬಂದು ನೋಡಿದರೆ ಸಾಕು.

ಸಂತೆಗೆ ಹೋಗುವವರ ಹತ್ತಿರ ಹೇಳಿ ಕಳಿಸಿದಳು. ಕುರಿ ಕೂಡಿ ಹಾಕುವ ಮನೆಗೆ ತಾನು ಬರುವುದಿಲ್ಲ ಎಂದನಂತೆ.

ಒಂದು ಸಸಿ ಕಿತ್ತು ನೋಡಿದಳು. ಬೇರು ಆಗಲೇ ಗಿಡದ ಎರಡರಷ್ಟು ಉದ್ದವಿತ್ತು. ಸೆರಗು ಬಿಗಿದು ಕುಕ್ಕರುಗಾಲಲ್ಲಿ ಕೂತಳು. ಗೊಣಗುತ್ತ ಅತ್ತೆಯೂ ಬಂದು ಕೂತಳು.

"ಗೋಡೆ ಬುಡದಲ್ಲಿ ನಾಲ್ಕು ಬಿಡೇ. ನಿಮ್ಮಣ್ಣ ಬಂದಾಗ ಕಣ್ಣಿಗೆ ಹಿಡಿಯೋಣ."

"ಅವನು ಬರೋ ಹೊತ್ತಿಗೆ ಬೇರು ಹೊಲ ಮುಟ್ಟಿರುತ್ತೆ ಅತ್ತೆ. ಕೀಳಿ."

ಕಿತ್ತದ್ದನ್ನೆಲ್ಲ ಒಣಗಿಸಿ ಸುಟ್ಟರು. ಮತ್ತೆ ಹುಟ್ಟಿದ್ದನ್ನು ಮತ್ತೆ ಕಿತ್ತರು. ಬೇಸಿಗೆ ಬಲಿಯುವ ಹೊತ್ತಿಗೆ ದೊಡ್ಡಿಯ ನೆಲ ಬೋಳಾಗಿ, ಸುಟ್ಟ ರೊಟ್ಟಿಯ ಹಾಗೆ ಬಿರುಕು ಬಿಟ್ಟಿತ್ತು.

ಕೊಯ್ಲು ಮುಗಿದ ಮೇಲೆ, ವರ್ಷದಿಂದ ಕೇಳದಿದ್ದ ದನಿ ಬೇಲಿಯಾಚೆ ಕೇಳಿತು. ಶರ್ಕಿ ಕುರಿಗಳನ್ನು ದಾರಿಯಲ್ಲೇ ನಿಲ್ಲಿಸಿ ನೆಟ್ಟಗೆ ದೊಡ್ಡಿಗೆ ನಡೆದ. ಕುಕ್ಕರಿಸಿ ಕೂತು ಕೋಲಿನಿಂದ ನೆಲ ಕೆರೆದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ನೋಡೇ! ಒಂದು ಎಲೇನೂ ಹುಟ್ಟಿಲ್ಲ! ಇದಕ್ಕೇನೇ ಅಷ್ಟು ರಂಪ ಮಾಡಿ ನನ್ನ ಕುರಿಗಳ ಮರ್ಯಾದೆ ಕಳೆದಿದ್ದು?"

ತಾಮೂ ಬಾಯಿ ತೆರೆದಳು. ಯಾಮ್ನಾ ಬಿಸಿ ಚಹಾದ ಲೋಟವನ್ನು ಅತ್ತೆಯ ಕೈಗಿಟ್ಟಳು. ಚಿಕ್ಕಂದಿನಲ್ಲಿ ಅಣ್ಣ ಹೀಗೆಯೇ ನಗುತ್ತಿದ್ದ.

"ಹೌದಣ್ಣಾ," ಎಂದಳು. "ಏನೂ ಹುಟ್ಟಲಿಲ್ಲ."

ಶರ್ಕಿ ಒಂದಾದ ಮೇಲೊಂದು ಮೂರು ಲೋಟ ಕುಡಿದ. ಮೀಸೆ ಒರೆಸಿಕೊಂಡು ಎದ್ದು ಹೊಲದ ಕಿಂಡಿಯತ್ತ ಹೊರಟ. "ಹಾಗಾದ್ರೆ ಈ ಸಲ ನಾನೇ ಎಳೀತೀನಿ ಕೊಂಬೆ," ಎನ್ನುತ್ತ ತಿರುಗಿ ನೋಡಿದ.

ಯಾಮ್ನಾ ಆಗಲೇ ತೆಕ್ಕೆ ತುಂಬ ಹುಲ್ಲು ಹಿಡಿದು ದೊಡ್ಡಿಯ ಬಾಗಿಲಲ್ಲಿ ನಿಂತಿದ್ದಳು. ಮುಂದಿನ ಟಗರು ಒಮ್ಮೆ ಮೂಸಿ, ಶರ್ಕಿಯ ಪಕ್ಕದಿಂದ ಹಾದು ತಾನಾಗಿಯೇ ಆ ಕಡೆ ನಡೆಯಿತು.