ತಲೆ ತಿರುಗಿಸಿದ್ದು ಯಾರು

ಬಾಗಿಲು ತೆಗೆದವನು ಶೂ ಕೂಡ ಬಿಚ್ಚದೆ ನೇರ ಶೋಕೇಸಿನ ಹತ್ತಿರ ಹೋಗಿ ಬಗ್ಗಿ ನೋಡಿದ. ಖಳನಾಯಕಿ ನಗುತ್ತಿದ್ದಳು. ಹೋದ ಜೀವ ಬಂದಂತಾಯಿತು.

ಹೆಬ್ಬೆರಳಿನಷ್ಟುದ್ದದ ಗೊಂಬೆಗಳವು. ಕಾಮಿಕ್ಸ್ ಪುಸ್ತಕಗಳ ನಾಯಕರು, ಖಳರು. ಕೈ, ಕಾಲು, ತಲೆ ಎಲ್ಲವನ್ನೂ ಬಿಡಿಸಿ ಜೋಡಿಸುವಂಥವು. ಒಂದೊಂದು ತಲೆಗೂ ಎರಡು ಮುಖ. ಹಿಂದಿನ ಮುಖ ಕೂದಲಿನ ಟೋಪಿಯೊಳಗೆ ಅಡಗಿರುತ್ತದೆ. ತಲೆಯನ್ನು ಅರ್ಧ ಸುತ್ತು ತಿರುಗಿಸಿದರೆ ಆಗಷ್ಟೇ ನಗುತ್ತಿದ್ದವನು ಹಲ್ಲು ಕಡಿಯುತ್ತಾನೆ. ಮದುವೆಯಾದ ಹೊಸತರಲ್ಲಿ ಅವನ ಈ ಹುಚ್ಚನ್ನು ಕಂಡು ಹೆಂಡತಿ ಮೂಗು ಮುರಿದಿರಲಿಲ್ಲ. ನೇರಳೆ ನಿಲುವಂಗಿಯ ಖಳನಾಯಕಿಯೊಬ್ಬಳನ್ನು ಆರಿಸಿ, ಇದು ನಾನು, ಖಳರಿಗೇ ಒಳ್ಳೇ ಬಟ್ಟೆ ಹೊಲಿಸಿರ್ತಾರೆ ಎಂದಿದ್ದಳು. ಅಗಲ ಗದ್ದದ ನಾಯಕ ಇವನ ಪಾಲಿಗೆ ಬಂದ. ಅಂದಿನಿಂದ ಒಂದು ಒಪ್ಪಂದ. ಸಿಟ್ಟು ಬಂದವರು ತಮ್ಮ ಗೊಂಬೆಯ ತಲೆ ತಿರುಗಿಸಿಡಬೇಕು, ಇಳಿದ ಮೇಲೆ ತಾವೇ ಸರಿಮಾಡಬೇಕು. ಅಲ್ಲಿಯ ತನಕ ಇನ್ನೊಬ್ಬರು ಆ ವಿಷಯ ಎತ್ತುವಂತಿಲ್ಲ. ಜಗಳವಿಲ್ಲ, ಕೂಗಾಟವಿಲ್ಲ. ಇಂಥ ಸಂಸಾರ ಎಲ್ಲಾದರೂ ಉಂಟೇ ಎಂದು ಅವನು ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಜಂಭ ಕೊಚ್ಚಿಕೊಳ್ಳುತ್ತಿದ್ದ.

ಈ ಸಲ ಮಾತ್ರ ಖಳನಾಯಕಿ ಭಾನುವಾರದಿಂದ ಹಲ್ಲು ಕಡಿಯುತ್ತಲೇ ಇದ್ದಳು. ಅವನ ಹೆಂಡತಿಗೆ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಅಂದು ಊಟಕ್ಕೆ ಬಂದಿದ್ದ ಲ್ಯಾಬಿನ ಡಾಕ್ಟರು, ಬೇರೆ ಊರಿನಲ್ಲಿ ಇನ್ನೊಂದು ಲ್ಯಾಬು ತೆರೆಯುತ್ತಿದ್ದೇನೆ, ಅದನ್ನು ನಡೆಸಲು ನೀವೇ ಹೋಗುತ್ತೀರಾ ಎಂದು ಅವಳನ್ನು ಕೇಳಿದ್ದರು. ಅವಳು ನೀರಿನ ಲೋಟ ಕೆಳಗಿಡುವಷ್ಟರಲ್ಲಿ ಇವನು ನಡುವೆ ಬಾಯಿ ಹಾಕಿ, ನಮ್ಮನೆ ಖಳನಾಯಕೀನ ಅಲ್ಲಿಗೆ ಬಿಟ್ರೆ ಆ ಊರು ಉಳಿಯತ್ತಾ ಸಾರ್ ಎಂದಿದ್ದ. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗುರುವಾರ ಸಂಜೆ ಫೋನ್ ಮಾಡ್ತೀನಿ, ಅಷ್ಟರಲ್ಲಿ ಯೋಚಿಸಿ ಎಂದು ಹೇಳಿ ಎದ್ದರು.

ಆಮೇಲೆ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಹೋಗುತ್ತಾಳೋ, ಇರುತ್ತಾಳೋ? ಹೋಗಿಯೇಬಿಟ್ಟರೆ ತಾನು ಈ ಗೊಂಬೆಗಳ ಜೊತೆ ಮಾತಾಡಿಕೊಂಡಿರಬೇಕೇ? ಬಾಯಿ ಬಿಟ್ಟು ಕೇಳೋಣವೆಂದರೆ ಒಪ್ಪಂದ ಅಡ್ಡ. ಈ ದಿನ ಬೆಳಿಗ್ಗೆ ಯಾರದೋ ಎಡಗಣ್ಣಿನ ಗಾಜನ್ನು ಬಲಗಡೆ ಕೂರಿಸಿ ಮಾಲೀಕರ ಕೈಲಿ ಬೈಸಿಕೊಂಡಿದ್ದ. ಇಂದು ಗುರುವಾರ. ಖಳನಾಯಕಿ ನಗುತ್ತಿದ್ದಾಳೆಂದರೆ ಇನ್ನೇನು ಬೇಕು?

ಹೆಂಡತಿ ಒಳಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅವನು ಬಾಗಿಲಿಗೆ ಒರಗಿ ನಿಂತ.

"ಅಂತೂ ಇಳೀತಲ್ಲ. ಬರಲ್ಲ ಅಂತ ಡಾಕ್ಟ್ರಿಗೆ ಹೇಳಿಬಿಟ್ಯಾ? ಒಳ್ಳೇದಾಯ್ತು ಬಿಡು."

"ಏನು ಇಳಿದಿದ್ದು?"

"ಸಿಟ್ಟು ಕಣೆ. ಅಲ್ಲಿ ನಗ್ತಾ ನಿಂತಿದೀಯಲ್ಲ."

ಅವಳು ಇಸ್ತ್ರಿಪೆಟ್ಟಿಗೆ ಆರಿಸಿ, ಅವನನ್ನು ದಾಟಿಕೊಂಡು ಶೋಕೇಸಿನ ಮುಂದೆ ಬಂದು ನಿಂತಳು. ಅವನೂ ಹಿಂದೆಯೇ ಬಂದು ಈಗ ಸರಿಯಾಗಿ ನೋಡಿದ. ಖಳನಾಯಕಿ ಒಬ್ಬಳೇ ಅಲ್ಲ, ಇಡೀ ಸಾಲೇ ನಗುತ್ತಿತ್ತು. ಬ್ಯಾಂಕು ದೋಚುವವನು, ಕಬ್ಬಿಣದ ದವಡೆಯವನು, ಲೋಕಕ್ಕೇ ಬೆಂಕಿ ಇಡಲು ಹೊರಟ ವಿಜ್ಞಾನಿ, ಎಲ್ಲರೂ ಮದುವೆಮನೆಯ ಬಾಗಿಲಲ್ಲಿ ನಿಂತ ಬೀಗರಂತೆ ಹಲ್ಲು ಕಿರಿಯುತ್ತಿದ್ದರು. ಒಬ್ಬನ ಎರಡೂ ಮುಖಗಳಲ್ಲಿ ನಗುವಿರಲಿಲ್ಲ. ಅವನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಲಾಗಿತ್ತು.

ಹಿಂದಿನ ದಿನವಷ್ಟೇ ಬಂದಿದ್ದ ಅವನ ಅಮ್ಮ ಸೋಫಾದ ಮೇಲೆ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. "ನಾನೇ ಕಣೋ," ಎಂದರು ತಲೆ ಎತ್ತದೆ. "ಧೂಳು ಒರೆಸ್ತಿದ್ದೆ, ಒಂದರ ತಲೆ ಕೈಗೇ ಬಂದ್ಬಿಡ್ತು. ಮುರೀತು ಅಂತ ಎದೆ ಧಸಕ್ಕಂತು. ನೋಡಿದ್ರೆ ಹಿಂದುಗಡೆ ಇನ್ನೊಂದು ಮುಖ. ನಗೋದನ್ನ ಹಿಂದಕ್ಕಿಟ್ಟು ಮುನಿಯೋದನ್ನ ಯಾಕಪ್ಪ ಮುಂದಕ್ಕಿಡ್ತೀರ? ಎಲ್ಲಾರ್ದೂ ತಿರುಗಿಸಿಟ್ಟೆ."

ಅವನು ನಗಲು ನೋಡಿದ. ಹೆಂಡತಿ ನಗಲಿಲ್ಲ. ಗೊಂಬೆಯ ಕಡೆ ನೋಡಿ ಇನ್ನು ಪ್ರಯೋಜನವಿರಲಿಲ್ಲ, ಅವಳ ಕಡೆ ನೋಡಲು ಧೈರ್ಯವಿರಲಿಲ್ಲ. ಕೊನೆಗೆ ನೆಲ ನೋಡಿಕೊಂಡೇ ಒಪ್ಪಂದ ಮುರಿದ.

"ಡಾಕ್ಟ್ರೆದುರಿಗೆ ಖಳನಾಯಕಿ ಅಂದಿದ್ದು ತಪ್ಪಾಯ್ತು."

"ಅದು ನಾನೇ ಇಟ್ಕೊಂಡ ಹೆಸರು. ಅದಕ್ಕೆ ಯಾಕೆ ಸಿಟ್ಟು ಬರತ್ತೆ?"

"ಮತ್ತೆ ಯಾವುದಕ್ಕೆ?"

ಅವಳು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ಡಾಕ್ಟರ ಹೆಸರು. ಅದು ಅವನಿಗೇ ಹತ್ತಿರವಿತ್ತು. ಬುದ್ಧಿಗಿಂತ ಕೈ ಮುಂದೆ ಹೋಯಿತು. "ಹಲೋ" ಎಂದ ಮೇಲೆ, ಇದು ಅವಳ ಫೋನು ಎಂಬುದು ಹೊಳೆಯಿತು.

"ಓ, ನೀವೇ ಸಿಕ್ಕಿದ್ರಾ? ಒಳ್ಳೇದೇ ಆಯ್ತು," ಎಂದಿತು ಡಾಕ್ಟರ ಧ್ವನಿ. "ಹೇಳಿ, ನಮ್ಮ ಮೇಡಂ ಬರ್ತಾರೋ ಇಲ್ವೋ?"

ಅವಳು ಫೋನಿಗೆ ಕೈ ಚಾಚಲಿಲ್ಲ. ಅಮ್ಮನ ಸೂಜಿ ಗುಂಡಿಯ ತೂತಿನಲ್ಲೇ ನಿಂತಿತ್ತು. ಎಂದಿನಂತೆ ಒಂದು ತಮಾಷೆ ಅವನ ನಾಲಿಗೆಯ ತುದಿಯವರೆಗೂ ಬಂದು ಅಲ್ಲೇ ಒಣಗಿತು. ಅವನು ತಲೆ ಎತ್ತಿ ಹೆಂಡತಿಯ ಮುಖ ನೋಡಿದ. ಎಷ್ಟು ನೋಡಿದರೂ ಅಲ್ಲಿ ಏನು ಬರೆದಿದೆಯೆಂದು ಓದಲಾಗಲಿಲ್ಲ.

"ಗೊತ್ತಿಲ್ಲ ಸಾರ್," ಎಂದ. "ನಾನು ಅವಳನ್ನ ಕೇಳೇ ಇಲ್ಲ."