ತಗಡಿನ ಕಾವು

ಬಲ್ಬಿನ ಕಾವಿಗೆ ಒಣಗಿದ್ದ ಗೋಣಿತಾಟನ್ನು ಮತ್ತೆ ನೆನೆಸಿ, ಮೊಟ್ಟೆಗಳಿದ್ದ ತಗಡಿನ ಡಬ್ಬದೊಳಗೆ ಸದ್ದಾಗದಂತೆ ಹಾಸಿದೆ. ಹೋದ ಸಲ ಪಸೆ ಸಾಲದೆ ಮರಿಗಳೆಲ್ಲ ಚಿಪ್ಪಿಗೆ ಅಂಟಿಕೊಂಡು ಸತ್ತಿದ್ದವು. ಅಪ್ಪ ನನ್ನನ್ನು ಬೆಲ್ಟಿನಿಂದ ಹೊಡೆದಿದ್ದ. ಈ ಸಲ ಎಲ್ಲಿಯೂ ತೇವ ಆರಬಾರದೆಂದು ಡಬ್ಬಕ್ಕೆ ಸಿಕ್ಕಿಸಿದ್ದ ಬಲ್ಬಿನ ಹೋಲ್ಡರಿನ ಸುತ್ತಲೂ ನೀರು ಚಿಮುಕಿಸಿದೆ.

ಹಿಂದೆ ಚಪ್ಪಲಿಯ ಸದ್ದಾಯಿತು. ಡಬ್ಬದ ಅಂಚಿಗೆ ತಾಗಿದ ನನ್ನ ಬೆರಳು ಜುಮ್ಮೆಂದಿತು. ಅಪ್ಪನ ಹೆದರಿಕೆಗೆ ಇರಬೇಕು ಎಂದುಕೊಂಡೆ.

“ಏನೇ, ಮತ್ತೆ ಸಾಯ್ಸಿಬಿಟ್ಯಾ?”

“ಇಲ್ಲ ಅಪ್ಪ, ನೀರು ಹಾಕ್ದೆ.”

“ಓಹೋ, ಕಾವು ಕೂರೋ ಕೋಳಿಗಿಂತ ನೀನೇ ಜಾಣೆ!”

ಅಷ್ಟರಲ್ಲಿ ಮೊಟ್ಟೆಯೊಂದು ಬಿರುಕುಬಿಟ್ಟು, ಒಳಗಿನಿಂದ ಚಿಂವ್ ಎಂಬ ದನಿ ಕೇಳಿತು. ಅಪ್ಪನ ಮುಖ ಅರಳಿತು. ನನ್ನನ್ನು ನೋಡಿ ಅವನು ನಕ್ಕದ್ದು ಅದೇ ಮೊದಲು.

“ಬಂತು ಕಣೇ! ಕೊಕ್ಕು ನೋಡು, ಕೊಕ್ಕು! ನನ್ ಮಗಳು ಗೆದ್ಬಿಟ್ಲು!”

ಹೊಸ ಜೀವದ ಮುಂದೆ ಚಪ್ಪಲಿ ಹಾಕಬಾರದೆಂದು ಬಿಚ್ಚಿಟ್ಟು, ಬರಿಗಾಲಲ್ಲಿ ಕುಕ್ಕರಿಸಿ, ಎರಡೂ ಕೈಗಳಿಂದ ಡಬ್ಬವನ್ನು ಹಿಡಿದ. ಬಲ್ಬು ಮಿಣುಕಿತು. ಅವನ ನಗು ಹಾಗೆಯೇ ಸೆಟೆದುಕೊಂಡಿತು.

“ಅಪ್ಪ, ಡಬ್ಬ ಬಿಡು,” ಎಂದೆ.